ಗಾಜು ಒರೆಸುತ್ತಿದ್ದ ಸಿಸ್ಟರ್

ಸಿಸ್ಟರ್ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಇಲಾಖೆಯವರ ವಾಟ್ಸಾಪ್ ಗುಂಪಿನಲ್ಲಿ. ಬೆಳಿಗ್ಗೆ ಹಲ್ಲುಜ್ಜಿ ಫೋನು ತೆಗೆದರೆ ಉರಿಯುವ ದೀಪದ ಚಿತ್ರಗಳೂ ಮುಗಿದ ಕೈಗಳೂ ಸಾಲಾಗಿ ಬಂದು ಬಿದ್ದಿದ್ದವು. ‘ಮಮತಾಮಯಿ’ ಎಂದು ಒಬ್ಬರು ಬರೆದಿದ್ದರು. ‘ಸದಾ ನಗುಮೊಗದ ಸೇವಾಮೂರ್ತಿ’ ಎಂದು ಇನ್ನೊಬ್ಬರು. ಹೀಗೆ ಬರೆದವರಲ್ಲಿ ಹೆಚ್ಚಿನವರು ಆಕೆಯೊಂದಿಗೆ ಮಾತು ಬಿಟ್ಟವರು. ಆಕೆ ಇದ್ದ ಕಡೆ ಊಟದ ಡಬ್ಬಿ ಎತ್ತಿಕೊಂಡು ಬೇರೆ ಕೋಣೆಗೆ ಹೋದವರು. ಎಲ್ಲಕ್ಕಿಂತ ಕೊನೆಗೆ ಒಬ್ಬ ಡಾಕ್ಟರ ಸಂದೇಶವಿತ್ತು: ‘ತುಂಬಲಾರದ ನಷ್ಟ. ನನಗೆ ಅಕ್ಕನಂತಿದ್ದರು.’ ಅದನ್ನು ಓದಿ ಫೋನು ಕವುಚಿ ಇಟ್ಟೆ. ಆ ಡಾಕ್ಟರು ಯಾರು, ಸಿಸ್ಟರ್ ಅವರಿಗೆ ಏನಾಗಿದ್ದರು ಎಂಬುದನ್ನು ಕಂಡವನು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸಿಸ್ಟರ್ ನಗುಮೊಗದವರಲ್ಲ. ಕುಳ್ಳಗೆ, ಗಟ್ಟಿಯಾಗಿ ಇದ್ದರು. ಏನಾದರೂ ಇಷ್ಟವಾಗದಿದ್ದರೆ ಮೇಲ್ತುಟಿ ಎಡಗಡೆಗೆ ಎಳೆದುಕೊಳ್ಳುತ್ತಿತ್ತು. ಇಷ್ಟವಾಗದ ಸಂಗತಿಗಳು ಬಹಳ ಇದ್ದುದರಿಂದ ಆ ತುಟಿ ನೇರವಾಗಿದ್ದುದನ್ನು ನಾನು ಕಂಡದ್ದು ಕಡಿಮೆ. ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ‘ಹೇಸಿಗೆ’. ತೊಳೆಯದ ಲೋಟ ಹೇಸಿಗೆ, ಮಡಚದ ಹಾಸಿಗೆ ಹೇಸಿಗೆ, ರೋಗಿಯ ಮುಂದೆ ಹಲ್ಲಿಗೆ ಕಡ್ಡಿ ಹಾಕುವ ಗುಮಾಸ್ತ ಹೇಸಿಗೆ. ಯಾರ ಮನೆಗೆ ಹೋದರೂ ಕಾಫಿ ಕುಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಕುಡಿಯಲಿಲ್ಲ. ನನ್ನ ಹೆಂಡತಿ ಇವತ್ತಿಗೂ ಅದನ್ನು ಮರೆತಿಲ್ಲ.

ಹಗರೆಯಿಂದ ಸ್ವಲ್ಪ ಒಳಗೆ ಇದ್ದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಅವರು ನರ್ಸು, ನಾನು ಔಷಧ ಕೊಡುವ ಫಾರ್ಮಸಿಸ್ಟು. ಇಬ್ಬರ ವಾಸವೂ ಬೇಲೂರಿನಲ್ಲಿ. ನನ್ನನ್ನು ‘ರೀ ಫಾರ್ಮಸಿ’ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು ಅರಸೀಕೆರೆ ಕಡೆ. ತಂದೆ ಕೊಬ್ಬರಿ ಮಂಡಿಯಲ್ಲಿ ಚೀಲ ಹೊರುತ್ತಿದ್ದವರು. “ಕಮಟು ಕೊಬ್ರಿ ವಾಸ್ನೇಲಿ ಹುಟ್ಟಿ, ಅದ್ರಲ್ಲೇ ಉಂಡು ಮಲಗಿದೋಳು ಕಣ್ರೀ ನಾನು. ನನ್ನ ಜಡೆ, ನನ್ನ ಪುಸ್ತಕ, ಎಲ್ಲ ಜಿಡ್ಡು. ಸ್ಕೂಲಲ್ಲಿ ಪಕ್ಕದಲ್ಲಿ ಯಾರೂ ಕೂರ್ತಿರ್ಲಿಲ್ಲ,” ಎಂದು ಒಮ್ಮೆ ಹೇಳಿದ್ದರು. ತಮ್ಮ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಿದ್ದು ನೆನಪಿಲ್ಲ.

ನಮ್ಮಲ್ಲಿ ಕೈ ತೊಳೆಯುವ ದಿನ ಎಂದು ಒಂದು ಸಮಾರಂಭ ನಡೆಯುತ್ತಿತ್ತು. ಒಂದು ಸಲ ಅದರ ಉದ್ಘಾಟನೆಗೆ ಊರಿನ ಮುಖಂಡರೊಬ್ಬರು ಬಂದರು. ದೀಪ ಹಚ್ಚಲು ಕೈ ಚಾಚಿದಾಗ ಸಿಸ್ಟರ್ ಆ ಕೈಯನ್ನು ಹಿಡಿದು, ತಿರುಗಿಸಿ, ಉಗುರು ನೋಡಿದರು. “ಮೊದ್ಲು ಇವನ್ನ ಕತ್ತರಿಸ್ಕಳಿ ಸಾರ್. ಆಮೇಲೆ ಹಚ್ಚುವಿರಂತೆ,” ಎಂದರು. ಮೈಕು ಹತ್ತಿರದಲ್ಲೇ ಇತ್ತು. ಮಕ್ಕಳೆಲ್ಲ ನಕ್ಕರು. ಮುಖಂಡರು ಅವತ್ತು ನಕ್ಕಂತೆ ಮಾಡಿ ಹೋದರು. ಮುಂದೆ ಸಿಸ್ಟರಿಗೆ ವರ್ಗವಾದಾಗ ತಡೆಯಲು ಒಬ್ಬನೂ ಮುಂದೆ ಬರಲಿಲ್ಲ ಎಂಬುದಕ್ಕೆ ಇಂಥವೂ ಕಾರಣ.

ಗಾಡಿಗಳ ಮುಂದಿನ ಗಾಜು ಅವರ ತಲೆಗೆ ಹತ್ತಿದ್ದು ಒಂದು ಹೆರಿಗೆ ಕೇಸಿನಿಂದ. ಮುಂಗಾರಿನ ಒಂದು ಮಧ್ಯಾಹ್ನ ರಕ್ತ ಹೋಗುತ್ತಿದ್ದ ಬಸುರಿಯೊಬ್ಬಳನ್ನು ನಮ್ಮ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕರೆದೊಯ್ಯಬೇಕಾಯಿತು. ದಾರಿಯಲ್ಲಿ ಮಳೆ. ವೈಪರು ಗಾಜಿನ ಮೇಲೆ ಜಾರದೆ ಗಡಗಡ ಕುಪ್ಪಳಿಸುತ್ತಿತ್ತು. ಕುಪ್ಪಳಿಸಿದಲ್ಲೆಲ್ಲ ನೀರು ಹಾಗೇ ಉಳಿದು, ಉಳಿದ ಕಡೆ ಹಾಲಿನ ಕೆನೆಯಂತೆ ಒಂದು ಪದರ ಹರಡುತ್ತಿತ್ತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಳೆಯಲ್ಲಿ ನೆನೆಯುತ್ತ ಓಡಿಸಿದನಂತೆ. ಬಸುರಿ ಕ್ಷೇಮವಾಗಿ ಆಸ್ಪತ್ರೆ ಸೇರಿದಳು. ಸಿಸ್ಟರ್ ಮಾತ್ರ ಇಳಿದ ಕೂಡಲೇ ಗೇಟಿನ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡರು. ರಕ್ತಕ್ಕಲ್ಲ. ಅದು ಅವರಿಗೆ ಅನ್ನದಷ್ಟೇ ಅಭ್ಯಾಸ. “ಆ ಗಾಜು ನೋಡಿ ನೋಡಿ ಹೊಟ್ಟೆ ತೊಳಸ್ತು ಕಣ್ರೀ. ಕೀವು ತುಂಬಿದ ಕಣ್ಣು ಇದ್ದಂಗೈತೆ,” ಎಂದರು ಮಾರನೆಯ ದಿನ.

ಅವತ್ತೇ ಆಂಬುಲೆನ್ಸನ್ನು ನೆರಳಿಗೆ ತರಿಸಿದರು. ಬಿಸಿಲಿಗೆ ಕಾದ ಗಾಜಿಗೆ ಸೋಪಿನ ನೀರು ಹಾಕಿದರೆ ಒಣಗಿ ಕಲೆ ಕೂರುತ್ತದೆ ಎಂದು. ಗಾಯ ತೊಳೆಯುವ ಕ್ರಮದಲ್ಲೇ ಶುರುಮಾಡಿದರು. ಮೊದಲು ಬರಿ ನೀರು ಸುರಿದು ಮಣ್ಣು ಇಳಿಸಿದರು. ಆಮೇಲೆ ಪಾತ್ರೆ ತೊಳೆಯುವ ಸೋಪು. ಬಟ್ಟೆಯನ್ನು ಚೌಕವಾಗಿ ಮಡಚಿ ಒಂದು ಮಗ್ಗುಲಲ್ಲಿ ಒಂದೇ ಸಲ ಎಳೆಯುವುದು, ಮಗ್ಗುಲು ಬದಲಿಸುವುದು. ಎಳೆದ ಮಗ್ಗುಲಲ್ಲೇ ಮತ್ತೆ ಎಳೆದರೆ ಕೊಳೆಯನ್ನು ಇನ್ನೊಂದು ಜಾಗಕ್ಕೆ ಬಳಿದಂತೆ ಎನ್ನುತ್ತಿದ್ದರು. ಒಳಗಿನ ಗಾಜಿಗೆ ಬೇರೆ ಬಟ್ಟೆ. ಒಳಗಡೆ ಏನು ಕೊಳೆ ಎಂದು ಡ್ರೈವರು ಕೇಳಿದ್ದಕ್ಕೆ, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ತೋರಿಸಿದರು. ಬೆರಳಿನ ಗುರುತು, ಊದುಬತ್ತಿ ಹೊಗೆಯ ಜಿಡ್ಡು, ಯಾರೋ ಹಣೆ ಆನಿಸಿದ ಎಣ್ಣೆ ಎಲ್ಲ ಎದ್ದು ಕಂಡವು.

“ನಿನ್ನ ಬಾಯಿಂದ ಬಂದಿದ್ದು, ತಲೆಯಿಂದ ಬಂದಿದ್ದು, ಎಲ್ಲ ಇಲ್ಲೇ ಅಂಟ್ಕಂಡೈತೆ ನೋಡಯ್ಯ. ಇದ್ರಲ್ಲಿ ಹಾದು ರಸ್ತೆ ನೋಡ್ತೀಯಲ್ಲ, ಹೇಸಿಗೆ ಆಗಲ್ವಾ?”

“ಅಭ್ಯಾಸ ಆಗೈತೆ ಬಿಡಿ ಸಿಸ್ಟರ್,” ಎಂದ ಅವನು.

“ಅದೇ ಹೇಸಿಗೆ ನೋಡು,” ಎಂದರು.

ಕೊನೆಗೆ ವೈಪರ್. ಹತ್ತಿಗೆ ಸ್ಪಿರಿಟ್ ಹಾಕಿ ರಬ್ಬರಿನ ಅಂಚನ್ನು ಉದ್ದಕ್ಕೂ ಒರೆಸಿದರು. ಹತ್ತಿ ಕಪ್ಪಾಯಿತು. ಕಪ್ಪು ಬರುವುದು ನಿಲ್ಲುವವರೆಗೂ ಬಿಡಲಿಲ್ಲ. ಅಷ್ಟಾದರೂ ಡ್ರೈವರನ ಕಡೆಯ ಬ್ಲೇಡು ಗಡಗಡ ಎನ್ನುವುದು ನಿಲ್ಲಲಿಲ್ಲ. ಬಗ್ಗಿ ಪಕ್ಕದಿಂದ ನೋಡಿ, ಅದನ್ನು ಹಿಡಿದ ಕಬ್ಬಿಣದ ಕೈ ಸೊಟ್ಟಗಾಗಿ ರಬ್ಬರು ಒಂದೇ ಕಡೆಗೆ ವಾಲಿಕೊಂಡಿದೆ ಎಂದರು. ಹೋಗುವಾಗ ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ ರಬ್ಬರು ಬಾಗಬೇಕು. ಹಾಗೆ ಬಾಗದೆ ಗಾಜಿಗೆ ಎದುರು ತಳ್ಳಿದರೆ ಕುಪ್ಪಳಿಸುತ್ತದೆ. ಇಕ್ಕಳಕ್ಕೆ ಬಟ್ಟೆ ಸುತ್ತಿ ಆ ಕೈಯನ್ನು ನಿಧಾನಕ್ಕೆ ತಿರುಚಿದರು. ಮೊದಲ ಸಲ ಹೆಚ್ಚಾಯಿತು, ಮತ್ತೆ ಹಿಂದಕ್ಕೆ ತಿರುಚಿದರು. ಇನ್ನೊಂದು ಬ್ಲೇಡಿನ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. “ಇದಕ್ಕೆ ಔಷಧಿ ಇಲ್ಲ. ಹೊಸದು ತಾ,” ಎಂದು ಕಿತ್ತು ಎಸೆದರು. ಇದನ್ನೆಲ್ಲ ಅವರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಮೊಬೈಲಿನಲ್ಲಿ ನೋಡಿರಬೇಕು. ಎರಡು ಸಲ ಕೆಡಿಸಿ ಮೂರನೆಯ ಸಲ ಸರಿಮಾಡುವ ಜಾತಿ ಅವರದು.

ಇನ್ನು ನಮ್ಮ ಡಾಕ್ಟರ ವಿಷಯ. ಚಿಕ್ಕ ವಯಸ್ಸು, ಒಳ್ಳೆಯ ಮಾತು, ಬೇಲೂರಿನಲ್ಲಿ ಮನೆ. ಬಿಳಿ ಕಾರೊಂದನ್ನು ಕೊಂಡಿದ್ದರು. ದಾರಿಯಲ್ಲಿ ನನ್ನನ್ನೂ ಸಿಸ್ಟರನ್ನೂ ಹತ್ತಿಸಿಕೊಳ್ಳುತ್ತಿದ್ದರು. ಸಿಸ್ಟರ್ ಮುಂದೆ, ನಾನು ಹಿಂದೆ. ಕಾರಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಗಾಜು ಮಾತ್ರ ಅಸಹ್ಯ. ಆಯುಧಪೂಜೆಯಲ್ಲಿ ಅವರ ತಾಯಿ ಗಾಜಿನ ನೆತ್ತಿಗೆ ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು. ಅದನ್ನು ಅಳಿಸಬಾರದೆಂದು ಡಾಕ್ಟರು ಗಾಜು ತೊಳೆಯುವುದನ್ನೇ ಬಿಟ್ಟಿದ್ದರು. ಇಬ್ಬನಿ ಬಿದ್ದಾಗಲೆಲ್ಲ ವಿಭೂತಿ ಕರಗಿ ಕೆಳಗಿಳಿಯುತ್ತಿತ್ತು. ಒಳಗಡೆ ದಿನಾ ಊದುಬತ್ತಿ. ಪೆಟ್ರೋಲು ಬಂಕಿನ ಹುಡುಗ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಥ್ಯಾಂಕ್ಸ್ ಹೇಳಿ ಬರುತ್ತಿದ್ದರು. ಇದೆಲ್ಲ ಸಾಲದೆಂಬಂತೆ, ವೈಪರು ಸದ್ದು ಮಾಡುತ್ತದೆ ಎಂದು, ಅರಸೀಕೆರೆಯ ನೆಂಟರೊಬ್ಬರ ಸಲಹೆಯಂತೆ ರಬ್ಬರಿಗೆ ಕೊಬ್ಬರಿ ಎಣ್ಣೆ ಸವರಿದರು. ಸದ್ದು ನಿಂತಿತು. ಗಾಜಿನ ಮೇಲೆ ಮಾತ್ರ ವೈಪರು ಹೋದ ದಾರಿಯಲ್ಲೆಲ್ಲ ಕಮಾನಿನಂತೆ ಜಿಡ್ಡು ಕೂತಿತು.

ಸಿಸ್ಟರ್ ದಿನಾ ಹೇಳುತ್ತಿದ್ದರು. “ಸಾರ್, ಒಂದಿನ ಕೀ ಕೊಡಿ, ನಾನೇ ತೊಳ್ದು ಕೊಡ್ತೀನಿ. ವಿಭೂತಿ ಬೇಕಾದ್ರೆ ಒಳಗಡೆ ಒಂದ್ ಮೂಲೇಲಿ ಇಟ್ಕಳಿ.”

ಡಾಕ್ಟರು ನಗುತ್ತಿದ್ದರು. “ನಿಮ್ದು ಒಂಥರಾ ಕಾಯಿಲೆ ಸಿಸ್ಟರ್. ನನಗೆ ಎಲ್ಲ ಚೆನ್ನಾಗೇ ಕಾಣುತ್ತೆ.”

ಆಮೇಲೆ ಸಿಸ್ಟರ್ ಬಾಗಿಲ ಕಡೆ ಮುಖ ತಿರುಗಿಸಿ ಕೂರುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ, ಔಷಧದ ಗಾಡಿ ಬೇಗ ಬರುವುದಿತ್ತೆಂದು ನಾನು ಮೊದಲ ಬಸ್ಸಿಗೇ ಹೋಗಿದ್ದೆ. ಡಬ್ಬಗಳನ್ನು ಇಳಿಸಿಕೊಳ್ಳುತ್ತಿದ್ದಾಗ ಡಾಕ್ಟರ ಕಾರು ಹಾರನ್ ಒತ್ತುತ್ತಲೇ ಅಂಗಳಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಸಿಸ್ಟರ್ ಕೆಳಗೆ ಮಂಡಿಯೂರಿ ಅವಳ ತೊಡೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಆಕೆ ನಮಗೆಲ್ಲ ಗೊತ್ತಿದ್ದವಳು. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ನಡೆದು ಹೋಗುತ್ತಿದ್ದ ವಿಧವೆ. ಬೇಲೂರಿನಿಂದ ಹಗರೆಗೆ ಬರುವಾಗ ಬೆಳಗಿನ ಸೂರ್ಯ ನೇರ ಎದುರಿಗೇ ಇರುತ್ತಾನೆ. ಗಾಜಿನ ಮೇಲೆ ಇಬ್ಬನಿ ಇತ್ತು, ಡಾಕ್ಟರು ವೈಪರ್ ಹಾಕಿದರು, ಎಣ್ಣೆ ನೀರು ವಿಭೂತಿ ಎಲ್ಲ ಕಲಸಿ ಹರಡಿತು. ತಿರುವಿನಲ್ಲಿ ಬಿಸಿಲು ಬಿದ್ದ ಕ್ಷಣ ಗಾಜು ಸುಣ್ಣ ಬಳಿದ ಗೋಡೆಯಾಯಿತು. ಗುದ್ದಿದ ಸದ್ದಿಗೆ ಇಳಿದು ನೋಡಿದರೆ ಹೆಂಗಸು ನಡೆದ ಹೆಜ್ಜೆ ಗುರುತು ರಸ್ತೆಯ ಅಂಚಿನ ಮಣ್ಣಿನ ಮೇಲೇ ಇತ್ತು. ಇದು ಸಿಸ್ಟರ್ ಆಮೇಲೆ ಹೇಳಿದ್ದು.

ಅವತ್ತು ಅವರು ಮಾಡಿದ ಕೆಲಸವನ್ನು ನೋಡಿದೆ. ಕಟ್ಟು ಕಟ್ಟಿ, ಕಾಲಿಗೆ ಹಲಗೆ ಇಟ್ಟು, ಸೂಜಿ ಹಾಕಿ, ಆಂಬುಲೆನ್ಸಿಗೆ ಏರಿಸಿ ಹಾಸನಕ್ಕೆ ಕಳಿಸಿದರು. ಡಾಕ್ಟರಿಂದ ಏನೂ ಆಗಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಡಾಕ್ಟರು ಯಾರಿಗೋ ಫೋನು ಮಾಡಿದರು. ಫೋನು ಮುಗಿಸಿ ಬಂದಾಗ ಅವರ ಮುಖ ಬೇರೆಯಾಗಿತ್ತು. ನಮ್ಮ ಅಟೆಂಡರನ್ನು ಕರೆದು, “ಒಂದು ಬಕೆಟ್ ನೀರು ತಗೊಂಡು ಕಾರು ಪೂರ್ತಿ ತೊಳೆದುಬಿಡು. ಗಾಜು ಚೆನ್ನಾಗಿ ಒರೆಸು,” ಎಂದರು.

ಅಟೆಂಡರು ನೀರು ತಂದ. ಅಷ್ಟರಲ್ಲಿ ಸಿಸ್ಟರ್ ಹೊರಗೆ ಬಂದು ಕಾರಿನ ಮುಂದೆ ನಿಂತರು. ಬಿಳಿಯ ಸೀರೆಯ ಮೇಲೆ ರಕ್ತ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು.

“ತೊಳೀಬ್ಯಾಡ,” ಎಂದರು.

“ಸಿಸ್ಟರ್, ದಿನಾ ತೊಳೀರಿ ತೊಳೀರಿ ಅಂತಿದ್ದೋರು ನೀವೇ ತಾನೆ,” ಎಂದರು ಡಾಕ್ಟರು. ದನಿಯಲ್ಲಿ ಇನ್ನೂ ವಿನಯವಿತ್ತು.

“ನೆನ್ನೆ ತೊಳೀಬೇಕಿತ್ತು ಸಾರ್. ಇವತ್ತು ಬ್ಯಾಡ. ಪೊಲೀಸ್ರು ನೋಡ್ಲಿ.”

“ಅವಳು ಅಡ್ಡ ಬಂದಳು. ನೀವೂ ನೋಡಿದಿರಿ.”

“ನಾನೇನೂ ನೋಡ್ಲಿಲ್ಲ ಸಾರ್. ನೀವೂ ನೋಡ್ಲಿಲ್ಲ. ಕಾಣ್ತಾನೇ ಇರ್ಲಿಲ್ಲ.”

ಅಟೆಂಡರು ಬಕೆಟ್ ಹಿಡಿದು ಇಬ್ಬರನ್ನೂ ನೋಡಿದ. ನಾನು ಹೋಗಿ ಬಕೆಟ್ ಇಸಿದುಕೊಂಡು ಗಿಡಕ್ಕೆ ಸುರಿದೆ. ನಾನು ಮಾಡಿದ್ದು ಅಷ್ಟೇ. ಉಳಿದದ್ದೆಲ್ಲ ಸಿಸ್ಟರ್ ಒಬ್ಬರೇ ಮಾಡಿದ್ದು. ಅವರು ಪೊಲೀಸರಿಗೆ ಫೋನು ಮಾಡಿ, ಒಳಗಿಂದ ಒಂದು ಸ್ಟೂಲು ತರಿಸಿ ಕಾರಿನ ಮುಂದೆ ಹಾಕಿಕೊಂಡು ಕುಳಿತರು. ಬಟ್ಟೆಯನ್ನೂ ಬದಲಿಸಲಿಲ್ಲ, ಊಟವನ್ನೂ ಮಾಡಲಿಲ್ಲ. ಇಂಜೆಕ್ಷನ್‌ಗೆ ಬಂದವರಿಗೆ ಅಲ್ಲೇ ಕೊಟ್ಟರು. ಹಗಲೆಲ್ಲ ಆ ಗಾಜಿನ ಎದುರು ಕುಳಿತ ಅವರ ತುಟಿ ಎಡಗಡೆಗೆ ಎಳೆದೇ ಇತ್ತು. ಕೊಳೆಯನ್ನು ಅಷ್ಟು ಹೇಸುವವರು ಆ ಕೊಳೆಯನ್ನು ಕಾಯುತ್ತ ಕೂತದ್ದನ್ನು ನೋಡುವುದು ನನಗೇ ಕಷ್ಟವಾಯಿತು.

ಪೊಲೀಸರು ಬಂದಾಗ ಹೊತ್ತು ಇಳಿಯುತ್ತಿತ್ತು. ಒಬ್ಬ ಪೇದೆ ಗಾಜನ್ನು ಹೊರಗಿಂದಲೇ ನೋಡಿ, “ಧೂಳು ಇದ್ದೇ ಇರ್ತದಲ್ಲಮ್ಮ, ಯಾರ ಗಾಡೀಲಿ ಇರಲ್ಲ,” ಎಂದ. ಕಾರು ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಸಿಸ್ಟರ್ ಬಾಗಿಲು ತೆಗೆದು ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ತಾವು ಗೇಟಿನ ಕಡೆ ನಡೆದು ಹೋಗಿ ನಿಂತರು.

“ಎಲ್ಲಿದ್ದೀನಿ ಹೇಳಪ್ಪ,” ಎಂದು ಅಲ್ಲಿಂದ ಕೂಗಿದರು.

ಪೇದೆ ಕಣ್ಣು ಕಿರಿದು ಮಾಡಿ, ಕುತ್ತಿಗೆ ಚಾಚಿ ನೋಡಿ, ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಇಳಿದು ಬಂದು ಸಿಸ್ಟರ ಹೇಳಿಕೆಯನ್ನು ಬರೆದುಕೊಂಡ.

ಆಮೇಲಿನದು ಹೇಸಿಗೆಯ ಕಾಲ. ಒಳ್ಳೆಯ ಡಾಕ್ಟರ ಬದುಕು ಹಾಳುಮಾಡಿದಳು ಎಂದು ಸಹೋದ್ಯೋಗಿಗಳು ಮಾತು ಬಿಟ್ಟರು. ಡಾಕ್ಟರು ಅಷ್ಟು ದಿನ ಪುಕ್ಕಟೆ ಕಾರಿನಲ್ಲಿ ಕರೆತಂದದ್ದಕ್ಕೆ ಇದೇನಾ ಪ್ರತಿಫಲ ಎಂದು ಒಬ್ಬರು ಎದುರಿಗೇ ಕೇಳಿದರು. ಹಾಲಿನವಳ ಕಾಲನ್ನು ಮಂಡಿಯ ಕೆಳಗೆ ಕತ್ತರಿಸಿದ ಸುದ್ದಿ ಬಂದಾಗ ಅದೇ ಜನ, ಪಾಪ ಅವಳ ಹಣೆಬರಹ ಎಂದು ಚಹಾ ಕುಡಿದರು. ಕೆಲವೇ ತಿಂಗಳಲ್ಲಿ ಸಿಸ್ಟರಿಗೆ ಅರಸೀಕೆರೆಗೆ ವರ್ಗವಾಯಿತು.

ಅಲ್ಲಿ ಅವರ ಹುಚ್ಚು ಹೆಚ್ಚಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಕೈಚೀಲದಲ್ಲಿ ಒಗೆದ ಬಟ್ಟೆ, ಸೋಪಿನ ನೀರಿನ ಬಾಟಲಿ ಇರುತ್ತಿತ್ತು. ಯಾವ ಆಟೋ ಆದರೂ ಮುಂದಿನ ಗಾಜು ಒರೆಸದೆ ಹತ್ತುತ್ತಿರಲಿಲ್ಲ. ರೈಲ್ವೆ ಸ್ಟೇಷನ್ ಎದುರಿನ ಆಟೋದವರು ಅವರನ್ನು ಕಂಡರೆ, “ಏನ್ಲಾ, ಗಾಜು ಸಿಸ್ಟರ್ ಬಂದ್ರು, ಗಾಡಿ ತಿರುಗಿಸ್ಲಾ,” ಎನ್ನುತ್ತಿದ್ದರು. ನಾನೊಮ್ಮೆ ನೋಡಲು ಹೋದಾಗ ಇದನ್ನು ಕಿವಿಯಾರೆ ಕೇಳಿದೆ. ಜನರೆದುರು ಹೀಗೆ ಮಾಡಿದರೆ ನನಗೆ ನಾಚಿಕೆಯಾಗುತ್ತದೆ ಎಂದು ಹೇಳಿಯೂಬಿಟ್ಟೆ.

“ನಾಚ್ಕೆ ನಿಮಗ್ಯಾಕ್ರೀ ಫಾರ್ಮಸಿ. ಒರೆಸ್ತಿರೋಳು ನಾನು,” ಎಂದು ಬಟ್ಟೆಯ ಮಗ್ಗುಲು ಬದಲಿಸಿದರು.

ಕೇಸು ವಿಚಾರಣೆಗೆ ಬಂದದ್ದು ಎಷ್ಟೋ ಕಾಲದ ಮೇಲೆ, ಬೇಲೂರಿನ ಕೋರ್ಟಿನಲ್ಲಿ. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮೊದಲು ಹಾಲಿನವಳನ್ನು ಕರೆದರು. ಮರದ ಕಾಲಿನಂಥದ್ದೊಂದನ್ನು ಕಟ್ಟಿಕೊಂಡು, ಊರುಗೋಲು ಹಿಡಿದು ಬಂದಳು. ನ್ಯಾಯಾಧೀಶರ ಕಡೆ ನೋಡದೆ, ಬಾಯಿಪಾಠ ಒಪ್ಪಿಸುವಂತೆ, “ನಾನೇ ನೋಡ್ದಂಗೆ ಅಡ್ಡ ಓಡ್ದೆ ಸ್ವಾಮಿ. ಡಾಕ್ಟ್ರು ತಪ್ಪೇನೂ ಇಲ್ಲ,” ಎಂದಳು. ಅವಳ ಮಗಳಿಗೆ ಆರು ತಿಂಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತ್ತು. ಯಾರು ಕೊಡಿಸಿದ್ದೆಂದು ಊರಿಗೆಲ್ಲ ಗೊತ್ತಿತ್ತು. ಡಾಕ್ಟರು ತಲೆ ತಗ್ಗಿಸಿ ನಿಂತಿದ್ದರು, ಹಣೆಯ ಮೇಲೆ ವಿಭೂತಿ ಒಣಗಿತ್ತು.

ಆಮೇಲೆ ಸಿಸ್ಟರನ್ನು ಕರೆದರು. ಹೊರಗೆ ಕಾಯುತ್ತಿದ್ದ ಅವರಿಗೆ ಹಾಲಿನವಳು ಏನು ಹೇಳಿದಳೆಂದು ಗೊತ್ತಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದರು. ಡಾಕ್ಟರ ಪರ ವಕೀಲರು ಎದ್ದರು.

“ನಿಮಗೆ ಕೊಳೆ ಕಂಡರೆ ಆಗೋದಿಲ್ಲ ಅಲ್ಲವಾ?”

“ಆಗಲ್ಲ.”

“ಇತರರಿಗೆ ಕಾಣದ ಕೊಳೆಯೂ ನಿಮಗೆ ಕಾಣುತ್ತೆ. ಆಟೋ ಹತ್ತುವಾಗಲೂ ಗಾಜು ಒರೆಸುತ್ತೀರಂತೆ.”

“ಒರೆಸ್ತೀನಿ.”

ಕೋರ್ಟಿನಲ್ಲಿ ಯಾರೋ ನಕ್ಕರು. ವಕೀಲರು ಕಾಯುತ್ತಿದ್ದ ಕ್ಷಣ ಅದೇ.

“ಅಷ್ಟು ಕೊಳೆ ಇದ್ದ ಗಾಜಿನ ಕಾರಿನಲ್ಲಿ ದಿನಾ ಯಾಕಮ್ಮ ಕೂತಿರಿ? ಇಳಿದುಬಿಡಬಹುದಿತ್ತಲ್ಲ?”

ಸಿಸ್ಟರ್ ನ್ಯಾಯಾಧೀಶರ ಕಡೆ ತಿರುಗಿದರು. “ಬಸ್ಸಲ್ಲಿ ನೂಕಾಡ್ಕಂಡು ನಿಂತು ಹೋಗೋದು ತಪ್ತಿತ್ತು ಸ್ವಾಮಿ. ಅದಕ್ಕೇ ಕೂತೆ. ಬಾಯಲ್ಲಿ ಹೇಳ್ತಿದ್ದೆ, ಸುಖವಾಗಿ ಕೂತೂ ಇದ್ದೆ. ಆ ಹೇಸಿಗೆ ನಂದೇ. ಹಂಗಂತ ಗಾಜು ಚೊಕ್ಕಟ ಇತ್ತು ಅಂತ ಹೇಳಕ್ಕಾಗಲ್ಲ.”

ಡಾಕ್ಟರು ಮೊದಲ ಸಲ ತಲೆ ಎತ್ತಿ ಆಕೆಯನ್ನು ನೋಡಿ ಮತ್ತೆ ತಗ್ಗಿಸಿದರು. ಇದರಿಂದ ಏನೂ ಬದಲಾಗಲಿಲ್ಲ. ಪೆಟ್ಟು ತಿಂದವಳೇ ತಪ್ಪು ತನ್ನದೆಂದ ಮೇಲೆ ಯಾರು ಏನು ಮಾಡಲಾದೀತು. ಮುಂದೆ ಕೇಸು ಬಿದ್ದುಹೋಯಿತು.

ಕೋರ್ಟಿನಿಂದ ನಾವಿಬ್ಬರೂ ಬಸ್ ನಿಲ್ದಾಣಕ್ಕೆ ಬಂದೆವು. ಹಾಲಿನವಳು ಹೇಳಿದ್ದನ್ನು ದಾರಿಯಲ್ಲಿ ನಾನು ತಿಳಿಸಿದೆ. ಅರಸೀಕೆರೆ ಬಸ್ಸು ಬಂದು ನಿಂತಿತ್ತು. ಅವರು ಹತ್ತಬೇಕು ಎನ್ನುವಾಗ ಊರುಗೋಲಿನ ಸದ್ದು ಕೇಳಿಸಿತು. ಹಾಲಿನವಳು ಹಿಂದೆಯೇ ಬಂದಿದ್ದಳು, ಒಬ್ಬಳೇ.

“ನಿಮ್ಮ ಮಾತು ಸುಳ್ಳು ಮಾಡ್ಬಿಟ್ಟೆ ಸಿಸ್ಟರವ್ವ,” ಎಂದಳು. “ಮಗೀನ ಕೆಲ್ಸ ತೆಗೀತೀವಿ ಅಂದ್ರು. ನಾನೇನ್ ಮಾಡ್ಲಿ. ಬೈರಿ, ಬೈಸ್ಕಂತೀನಿ.”

ಸಿಸ್ಟರ್ ಅವಳ ಮುಖ ನೋಡಿದರು. ತುಟಿ ಎಳೆದುಕೊಂಡಿತು. ಬಾಯಿಗೆ ಬಂದ ಮಾತು ಯಾವುದೆಂದು ನನಗೆ ಗೊತ್ತಿತ್ತು, ಅದನ್ನು ಕೇಳಲು ಮನಸ್ಸಾಗದೆ ನಾನು ಬೇರೆ ಕಡೆ ತಿರುಗಿದೆ. ಆದರೆ ಅವರ ಕಣ್ಣು ಆಗಲೇ ಕೆಳಗಿಳಿದಿತ್ತು. ಸೀರೆಯ ಅಂಚಿನ ಕೆಳಗೆ, ಮರದ ಕಾಲು ಸೇರುವ ಜಾಗದಲ್ಲಿ, ಕೊಳಕು ಚಿಂದಿಯೊಂದನ್ನು ಸುತ್ತಿದ್ದಳು. ಅದು ಒದ್ದೆಯಾಗಿತ್ತು. ನೊಣ ಕೂತಿದ್ದವು.

“ಎಷ್ಟು ದಿನದಿಂದ ಹಿಂಗೈತೆ?”

“ಅದು ಉಜ್ತದೆ ಸಿಸ್ಟರವ್ವ. ಅಭ್ಯಾಸ ಆಗದೆ.”

ಸಿಸ್ಟರ್ ಅವಳನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿದರು. ತಾವು ನಿಲ್ದಾಣದ ನೆಲದ ಮೇಲೆ, ಉಗುಳು ಕಡಲೆಸಿಪ್ಪೆಗಳ ನಡುವೆ ಕುಳಿತರು. ಪಟ್ಟಿ ಬಿಚ್ಚಿ, ಮರದ ಕಾಲನ್ನು ಪಕ್ಕಕ್ಕಿಟ್ಟು, ಆ ಮೊಂಡು ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡರು. ಚಿಂದಿ ಬಿಚ್ಚಿದ ಕೂಡಲೇ ಬಂದ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಸುತ್ತ ಜನ ಸೇರಿದರು. ಬಸ್ಸು ಹೊರಟುಹೋಯಿತು.

ಹಾಲಿನವಳು ಬಿಕ್ಕಿಬಿಕ್ಕಿ ಅಳತೊಡಗಿದಳು. ಸಿಸ್ಟರ್ ತಲೆ ಎತ್ತದೆ, ಕೈಚೀಲದ ಒಗೆದ ಬಟ್ಟೆಯನ್ನು ಚೌಕವಾಗಿ ಮಡಚಿ ಗಾಯ ಒರೆಸತೊಡಗಿದರು.

“ಅಳೋದಾದ್ರೆ ಅಳು,” ಎಂದರು. “ಕಾಲು ಅಲ್ಲಾಡಿಸ್ಬ್ಯಾಡ.”